ಕಡವಿನ ಎಂಟು ನಿಮಿಷ

ಚರ್ಚಿನ ಹಾಲ್ ಕೊಡುತ್ತೇವೆಂದರು, ಇವರು ಬರಲಿಲ್ಲ.
ಭಜನಾ ಮಂದಿರದ ಜಗಲಿಗೆ ಅವರು ಬರಲಿಲ್ಲ.
ಮದರಸದ ಅಂಗಳದಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿ
ನಾನೂ ಒಂದು ಬೆಕ್ಕೂ ಕೂತೆವು ಆರರವರೆಗೆ.

ಕೊನೆಗೆ ಸಭೆ ಸೇರಿದ್ದು ದೋಣಿಯಲ್ಲಿ.
ಬಂದರಿನಿಂದ ಬೆಂಗ್ರೆಗೆ, ಅಳಿವೆಯ ಗಾಳಿಗೆ ಅಡ್ಡವಾಗಿ,
ಎಂಟು ನಿಮಿಷ.
ನೀರ ನಡುವೆ ಯಾರೂ ಎದ್ದು ಹೋಗುವಂತಿಲ್ಲವಲ್ಲ.

ಸಿಗಡಿ ಸುಲಿದ ಕೈಗಳಿಗೆಲ್ಲ ಒಂದೇ ವಾಸನೆ.
ಸುಗಂಧಿಯಕ್ಕ, ತನ್ನ ಹೆಸರು ಹೇಳಿ ತಾನೇ ನಗುವವಳು;
ಪಕ್ಕದಲ್ಲಿ ನೆಬಿಸಾ, ತೊಡೆಯ ಮೇಲೆ ಬೀಡಿ ಎಲೆಯ ಕಟ್ಟು;
ಕೊಪ್ಪಳದ ಹುಲಿಗೆಮ್ಮ, ಮಗು ಸೆರಗಿನ ಜೋಳಿಗೆಯಲ್ಲಿ;
ಮೂಲೆಯಲ್ಲಿ ಒಡಿಶಾದ ಝುನು, ಯಾರ ಮಾತೂ ತಿಳಿಯದೆ
ಎಲ್ಲರ ಮುಖ ಓದುವವಳು.

ನನ್ನ ಚೀಲದಲ್ಲಿ ಉಳಿತಾಯ ಗುಂಪಿನ ಪುಸ್ತಕ,
ಮೂರು ಬಣ್ಣದ ಚಾರ್ಟು,
'ಸಮುದಾಯ' ಎಂದು ಬರೆದ ಖಾಲಿ ಕಾಲಮು.
ಬಿಚ್ಚುವಾಗಲೇ ಗಾಳಿ ಚಾರ್ಟನ್ನು ನದಿಗೆ ಕೊಟ್ಟಿತು.
"ಹೋಗಲಿ ಮಾರಾಯ್ತಿ," ಎಂದಳು ಸುಗಂಧಿಯಕ್ಕ,
"ನಮಗೆಂತ ಬೇಕು ಅಂತ ಒಮ್ಮೆ ಕೇಳು."

ಕೇಳಿದೆ. ತುಳುವಿನಲ್ಲಿ ಹೊರಟದ್ದು
ಬ್ಯಾರಿಯಲ್ಲಿ ಹೊರಳಿ, ಹುಲಿಗೆಮ್ಮನ ಕನ್ನಡದಲ್ಲಿ ಗಡುಸಾಗಿ,
ಹರಕು ಹಿಂದಿಯಲ್ಲಿ ಝುನುವಿನ ತನಕ ತಲುಪುವಷ್ಟರಲ್ಲಿ
ದಡ.
ಉತ್ತರ ಮರುದಿನ, ಅದೇ ಹಲಗೆಯ ಮೇಲೆ:
ಝುನು ಎದ್ದು ನಿಂತು, ಎಡಗೈಯಲ್ಲಿ ಆಚೆ ದಡ ತೋರಿಸಿ
ಬಲಗೈಯಿಂದ ತನ್ನ ಕಣ್ಣು ಮುಚ್ಚಿಕೊಂಡಳು.

ದೀಪ.
ಜೆಟ್ಟಿಯ ಮೆಟ್ಟಿಲಿಗೆ ಒಂದು ದೀಪ.
ಪಾಚಿ ಕಟ್ಟಿದ ನಾಲ್ಕನೇ ಮೆಟ್ಟಿಲಲ್ಲಿ ಜಾರದವರು ಯಾರಿದ್ದಾರೆ?
ಅಲ್ಲೇ ಕತ್ತಲಲ್ಲಿ ನಿಂತು ಕೆಮ್ಮುವ ಗಂಡಸರ ಬಗ್ಗೆ
ಯಾವ ಭಾಷೆಯಲ್ಲೂ ಯಾರೂ ಹೇಳಲಿಲ್ಲ.
ಎಲ್ಲರಿಗೂ ಅರ್ಥವಾಯಿತು.

ಅರ್ಜಿ ಬರೆದೆ. ಜಗಳ ಶುರುವಾದದ್ದು ಆಗ.
ಮೊದಲ ಸಹಿ ಯಾರದ್ದು?
ಮೊದಲು ಬಂದು ನೆಲೆಸಿದವರದ್ದೋ, ಹೆಚ್ಚು ಮನೆಯವರದ್ದೋ?
ಹೆಬ್ಬೆಟ್ಟಿನವರು ಕೆಳಗೇ ಯಾಕೆ?
ಮೂರು ದಿನ ದೋಣಿಯಲ್ಲಿ ಇಂಜಿನ್ನಿನದ್ದೇ ಮಾತು.
ನಾಲ್ಕನೆಯ ದಿನ ನೆಬಿಸಾ, ಏನೂ ಹೇಳದೆ,
ಬುತ್ತಿಯ ಮುಚ್ಚಳ ಹಾಳೆಯ ಮೇಲೆ ಬೋರಲಿಟ್ಟು
ಸುತ್ತ ಗೆರೆ ಎಳೆದಳು.
ಗೆರೆಯ ಗುಂಟ ಕೂತವು ಹೆಸರು, ಹೆಬ್ಬೆಟ್ಟು,
ಒಡಿಯಾದ ದುಂಡು ಅಕ್ಷರ,
ಅಂಟಿಕೊಂಡ ಒಂದು ಸಿಗಡಿ ಮೀಸೆ.

ಪಾಲಿಕೆಯ ಗುಮಾಸ್ತ ಹಾಳೆ ತಿರುಗಿಸಿದ, ಮತ್ತೂ ತಿರುಗಿಸಿದ.
"ಇದರಲ್ಲಿ ಲೀಡರ್ ಯಾರಮ್ಮ?"
ನಾನು ಬಾಯಿ ತೆರೆದೆ.
ಹುಲಿಗೆಮ್ಮ ನನ್ನ ಕಾಲು ತುಳಿದಳು.

ದೀಪ ಬಂತು, ಏಳು ತಿಂಗಳಿಗೆ. ಮಳೆಗಾಲದಲ್ಲಿ ಎರಡು ಸಲ ಕೆಟ್ಟಿತು.
ಝುನು ಅದನ್ನು ನೋಡಲಿಲ್ಲ; ಬೇರೆ ಯಾವುದೋ ಬಂದರಿಗೆ ಹೋದಳಂತೆ.
ಸುಗಂಧಿಯಕ್ಕ ನೆಬಿಸಾಳ ಮನೆಯಲ್ಲಿ
ಈಗಲೂ ನೀರು ಮುಟ್ಟುವುದಿಲ್ಲ.
ಆದರೆ ದೋಣಿ ದಡಕ್ಕೆ ತಾಗಿದಾಗ
ಇಳಿದು, ತಿರುಗಿ, ಅವಳಿಗೆ ಕೈ ಕೊಡುತ್ತಾಳೆ
ನಾಲ್ಕನೇ ಮೆಟ್ಟಿಲಲ್ಲಿ,
ಬೆಳಕಿದ್ದರೂ.