ಪಶ್ಚಿಮಕ್ಕೆ ಸಮುದ್ರ

ಮೂವತ್ತೊಂದು ವರ್ಷ ಬರೆದೆ ಅದೇ ಚಕ್ಕುಬಂದಿ:
ಪೂರ್ವಕ್ಕೆ ಪಂಚಾಯತು ರಸ್ತೆ,
ಉತ್ತರಕ್ಕೆ ಬೀಫಾತಿಮ್ಮನ ಹಿತ್ತಿಲು,
ದಕ್ಷಿಣಕ್ಕೆ ಸರಕಾರಿ ತೋಡು,
ಪಶ್ಚಿಮಕ್ಕೆ ಸಮುದ್ರ.
ಅಲ್ಲಿಗೆ ಪೂರ್ಣವಿರಾಮ. ಕೆಳಗೆ ಸಾಕ್ಷಿಗಳ ರುಜು.

ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಯ ಎದುರು ನನ್ನ ಮೇಜು.
ಗೋಂದಿನ ಡಬ್ಬಿ, ಹೆಬ್ಬೆಟ್ಟಿನ ಮಸಿ.
ಎಲ್ಲರ ಪಶ್ಚಿಮಕ್ಕಿದ್ದ ಆ ನೆರೆಯವನನ್ನು
ಒಂದು ಸಲವೂ ಮಾತಾಡಿಸಿರಲಿಲ್ಲ.

ಐವತ್ತೆಂಟಕ್ಕೆ ಫಾರಂ ತುಂಬಿದೆ.
ಹವ್ಯಾಸಿ ಹಾಯಿಗಾರ, ಮೊದಲ ದರ್ಜೆ, ಆರು ಶನಿವಾರ.
ಈಜು ಬರುತ್ತದೆಯೆ?
ಬರುತ್ತದೆ, ಕೆರೆಯಷ್ಟು.
ತುರ್ತಿಗೆ ಯಾರನ್ನು ಕರೆಯಬೇಕು?
ಊರವರ ಫಾರಂ ತುಂಬಿದ ಪೆನ್ನು ಇಲ್ಲಿ ನಿಂತಿತು.
ಎದುರಿನ ಜೆರಾಕ್ಸ್ ಅಂಗಡಿಯ ನಂಬರು ಬರೆದೆ.

ಕಲಿಸುವವಳು ಫಸೀಲ, ತಳಂಗರೆಯವಳು, ಇಪ್ಪತ್ತನಾಲ್ಕು.
ಚಂದ್ರಗಿರಿಯ ಅಳಿವೆಯಲ್ಲಿ ಅವಳು
ಬಯ್ಯುವುದು ಮಲೆಯಾಳದಲ್ಲಿ,
ಗಾಳಿಯನ್ನು ಕರೆಯುವುದು ತುಳುವಿನಲ್ಲಿ, ಮೂಡಾಯಿ, ಪಡ್ಡಾಯಿ,
ನನ್ನ ಪ್ರಾಯಕ್ಕೆ ಮರ್ಯಾದೆ ಕನ್ನಡದಲ್ಲಿ.
"ತಲೆ ತಗ್ಗಿಸಿ" ಎಂದದ್ದು ಯಾವ ಭಾಷೆಯಲ್ಲೋ,
ಅದಕ್ಕೂ ಮೊದಲೇ ಬೂಮು ಬಂದಿತ್ತು.
ನಾಲ್ಕು ದಿನ ಹಣೆಯ ಮೇಲೆ ನೀಲಿ ಷರಾ.

ಗಂಟು ಕಲಿತೆ:
ಏಡಿ ಮಾಟೆಯಿಂದ ಹೊರಗೆ, ಕಂಬಕ್ಕೆ ಒಂದು ಸುತ್ತು,
ಹೆದರಿ ಮತ್ತೆ ಮಾಟೆಯೊಳಗೆ. ಎಳೆ.
ಎಷ್ಟು ಜಗ್ಗಿದರೂ ಜಾರುವುದಿಲ್ಲ,
ಬೇಕೆಂದಾಗ ಬೆರಳಿಗೇ ಬಿಚ್ಚುತ್ತದೆ.
ನನ್ನ ಕಡತದ ಕಟ್ಟುಗಳಿಗೆಲ್ಲ ಕತ್ತರಿಯೇ ಆಗಬೇಕಿತ್ತು.

ದಾರಿಯ ನಿಯಮ ಕಲಿತೆ:
ಬಲಮಗ್ಗುಲಿಗೆ ಗಾಳಿಯಿದ್ದವನಿಗೆ
ಎಡಮಗ್ಗುಲಿನವ ದಾರಿ ಬಿಡಬೇಕು.
ಗಾಳಿ ಹೊರಳಿದರೆ ಹಕ್ಕೂ ಹೊರಳಿತು.
ಗೇಣು ಬೇಲಿಗೆ ಹದಿನಾಲ್ಕು ವರ್ಷ ಕೋರ್ಟು ಹತ್ತಿದ
ನನ್ನ ಕಕ್ಷಿದಾರರ ನೆನಪಾಗಿ
ನೀರ ನಡುವೆ ಒಬ್ಬನೇ ನಕ್ಕೆ.
ಹಾಯಿ ಪಟಪಟ ಬಡಿಯಿತು. ಫಸೀಲ ಬಯ್ದಳು.

ಐದನೆಯ ಶನಿವಾರ ದೋಣಿ ಮಗುಚುವ ಪಾಠ.
ಹಾಯಿಯಡಿ ಹಸಿರು ಕತ್ತಲೆ, ಮೂಗಿನೊಳಗೆ ಉಪ್ಪು.
ಅಡಿಹಲಗೆಗೆ ಜೋತು ಬಿದ್ದು ದೋಣಿಯನ್ನೆತ್ತುವಾಗ
ದಡದಲ್ಲಿ ಬಲೆ ಹೊಲಿಯುತ್ತಿದ್ದ ಶೀನ ಪುತ್ರನ್ ಕೂಗಿದ:
"ಮಗುಚಲಿಕ್ಕೂ ಪರೀಕ್ಷೆಯಾ ಗಟ್ಟಿಯವರೇ?
ಇದಕ್ಕೆಲ್ಲ ಸರ್ಟಿಫಿಕೇಟು ಯಾರು ಕೊಡುವುದು?"
ಅವನಪ್ಪ ಪೊಡಿಯನಿಗೆ ಕಡಲಿನ ಲೆಕ್ಕದಲ್ಲಿ
ಸಿಕ್ಕಿದ್ದು ಒಂದೇ ಸರ್ಟಿಫಿಕೇಟು.
ಹೆಣ ಸಿಗದ್ದಕ್ಕೆ ಏಳು ವರ್ಷ ಕಾಯಬೇಕಿತ್ತು.
ಅರ್ಜಿ ಬರೆದವ ನಾನೇ. ದುಡ್ಡು ತೆಗೆದುಕೊಂಡಿದ್ದೆ.

ಪರೀಕ್ಷಕ ಕೊಚ್ಚಿಯಿಂದ ಬಂದ, ಕಪ್ಪು ಕನ್ನಡಕ, ಕಡಿಮೆ ಮಾತು.
ಒಂದು ಕೆಂಪು ಕ್ಯಾನು ನೀರಿಗೆಸೆದು
"ಮನುಷ್ಯ ಬಿದ್ದ" ಎಂದ.
ದೋಣಿ ತಿರುಗಿಸಿ, ಗಾಳಿಗೆ ಮುಖ ಕೊಟ್ಟು,
ಕೈಯಳತೆಯಲ್ಲಿ ನಿಲ್ಲಿಸಿ, ಎತ್ತಬೇಕು.
ಮೊದಲ ಸಲ ದಾಟಿ ಹೋದೆ.
ಎರಡನೆಯ ಸಲ ಬೆರಳು ತಾಗಿತು, ಅಲೆ ಒಯ್ದಿತು.
ರೈಲು ಸೇತುವೆಯ ಮೇಲೆ ಗಾಡಿಯೊಂದು
ನಿಧಾನವಾಗಿ ಮಂಗಳೂರಿಗೆ ಹೋಗುತ್ತಿತ್ತು.
ಕ್ಯಾನು ತೇಲುತ್ತಿತ್ತು, ಖಾಲಿ, ಮುಚ್ಚಳವಿಲ್ಲದ್ದು.
ಅದರ ಮೇಲಿನ ಕಣ್ಣು ತೆಗೆಯಲಿಲ್ಲ ನಾನು.
ಮೂರನೆಯ ಸಲ
ಎರಡು ಕೈಯಲ್ಲಿ ತಬ್ಬಿ ಎಳೆದುಕೊಂಡೆ.
"ಇಷ್ಟು ಬಿಗಿಯಾಗಿ ಬೇಕಿಲ್ಲ," ಎಂದ ಕೊಚ್ಚಿಯವ.

ಸರ್ಟಿಫಿಕೇಟು ಅಂಚೆಯಲ್ಲಿ ಬಂತು: ವಾಸಪ್ಪನ್ ಗಟ್ಟಿ.
ಒಂದು ನಕಾರ ಹೆಚ್ಚು.
ಇಂಥದ್ದಕ್ಕೆ ತಿದ್ದುಪಡಿ ಪತ್ರ ಬರೆದೇ ಹೊಟ್ಟೆ ಹೊರೆದವ ನಾನು.
ಇರಲಿ. ನೀರಿನಲ್ಲಿ ಒದ್ದಾಡಿದವ
ಬಹುಶಃ ಆ ವಾಸಪ್ಪನ್ನೇ.

ಶೀನ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.
ಒಂದೇ ಕೇಳಿದ: "ಒದ್ದೆಯಾದರೆ?"

ಅದಕ್ಕೇ ಲ್ಯಾಮಿನೇಟು ಮಾಡಿಸಿದೆ.
ಜೆರಾಕ್ಸಿನವ ಮೂವತ್ತು ರೂಪಾಯಿ ಎಣಿಸಿಕೊಂಡ.
ತುರ್ತಿಗೆ ಕರೆಯಬೇಕಾದವ ತಾನೆಂದು
ಅವನಿಗಿನ್ನೂ ಗೊತ್ತಿಲ್ಲ.