ಕಾಂಡ್ಲದ ಅಳತೆ

ಮನಾಮದ ಹಳೆ ಪೇಟೆಯ ಹಿಂದೆ ಪಾದ್ರಿಮನೆ.
ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಚಿತ್ತಗಾಂಗಿನ ಮೊಫಿಜುಲನ ಹೆಬ್ಬೆರಳಡಿ.
ಮಲಗುವ ಕೋಣೆ: ಒಂಬತ್ತಡಿ ನಾಲ್ಕಂಗುಲ.
ಓದುವ ಕೋಣೆ: ಒಂಬತ್ತಡಿ ಮೂರು.
ಊಟದ್ದು, ಅತಿಥಿಯದ್ದು, ಗಾಳಿಗೋಪುರದ ಕೆಳಗಿನದ್ದೂ
ಒಂಬತ್ತರ ಆಸುಪಾಸು.
ಕಟ್ಟಿದವನಿಗೆ ಹತ್ತು ಎಣಿಸಲು ಬರುತ್ತಿರಲಿಲ್ಲವೇ,
ಅಂದ ಮೊಫಿಜುಲ್.

ಮೇಲೆ ನೋಡು ಅಂದೆ.
ಸುಣ್ಣ ಉದುರಿದಲ್ಲಿ ಜಂತಿಗಳ ಸಾಲು,
ಆಫ್ರಿಕದ ಕೆಸರಲ್ಲಿ ನಿಂತು ಬೆಳೆದು
ಹಾಯಿಹಡಗಲ್ಲಿ ಮಲಗಿ ಬಂದವು.
ಇಲ್ಲಿ ಚಂದಲ್ ಅನ್ನುತ್ತಾರೆ. ನಮ್ಮ ಅಳಿವೆಯಲ್ಲಿ ಕಾಂಡ್ಲ,
ಏಡಿ ಹಿಡಿಯುವವರ ಕಾಲಿಗೆ ತೊಡರುವ ಅದೇ ಜಾತಿ.
ಮರ ಎಷ್ಟುದ್ದವೋ ಕೋಣೆ ಅಷ್ಟಗಲ.
ಪಾದ್ರಿಗೂ ಮುತ್ತಿನ ಸಾಹುಕಾರನಿಗೂ
ಹೆಚ್ಚು ಕಡಿಮೆ ಮಾಡಲಿಲ್ಲ ಅದು.

ಗೋಡೆ ಕಡಲ ಹವಳಗಲ್ಲು. ಮುಟ್ಟಿದರೆ ಪುಡಿ,
ನೆಕ್ಕಿದರೆ ಇನ್ನೂ ಉಪ್ಪು.
ನೆಕ್ಕಿದ್ದೇನೆ. ವರದಿಯಲ್ಲಿ ಬರೆದಿಲ್ಲ.

ಒತ್ತಿಕೊಂಡ ಸಭಾಂಗಣ ಮಾತ್ರ ಮಾತು ಕೇಳಲಿಲ್ಲ:
ಇಪ್ಪತ್ತೆರಡಡಿ, ನಡುವೆ ಒಂದೂ ಕಂಬವಿಲ್ಲ.
ತೇಗದ ನಾಲ್ಕು ತೊಲೆ. ಒಂದರ ಸೊಂಟದಲ್ಲಿ
ಹಗ್ಗ ಉಜ್ಜಿದ ಗುರುತು, ಬಳೆ ತೊಟ್ಟ ಹಾಗೆ.
ಯಾವುದೋ ಹಡಗಿನ ಕೂವೆಮರ,
ಹಾಯಿ ಹೊತ್ತು ಸಾಕಾಗಿ ಮಾಡು ಹೊರಲು ಬಂದಿದೆ.

ಶುಕ್ರವಾರ ಇದರಡಿ ಎಂಟಕ್ಕೆ ತಮಿಳು, ಹತ್ತಕ್ಕೆ ಮಲಯಾಳ,
ಮಧ್ಯಾಹ್ನ ಫಿಲಿಪೀನಿನವರ ಗಿಟಾರು.
ನಾಲ್ಕಕ್ಕೆ ನಾವು, ಹದಿನೇಳು ಮಂದಿ ಕನ್ನಡ,
ಹಿಂದಿನವರ ಮೈಬಿಸಿ ಆರದ ಬೆಂಚುಗಳಲ್ಲಿ.
ಸುಗುಣಾ ಸೋನ್ಸ್ ಕೀರ್ತನೆಯ ಶ್ರುತಿ ಹಿಡಿಯುವಷ್ಟರಲ್ಲಿ
ಬಾಗಿಲಲ್ಲಿ ಐದು ಗಂಟೆಯ ತೆಲುಗು ಚಪ್ಪಲಿಗಳು.

ಮನೆಗೂ ಸಭಾಂಗಣಕ್ಕೂ ಒಂದೇ ಗೋಡೆ, ಎರಡಡಿ ದಪ್ಪ.
ಅದರಲ್ಲಿ, ಮೊಣಕಾಲೆತ್ತರಕ್ಕೆ, ಅಂಗೈಯಗಲ ಒಂದು ಕಂಡಿ.
ಅಂಚಿಗೆ ಗಾರೆ ಬಳಿದು ನಯಮಾಡಿದ್ದಾರೆ.
ಗಾಳಿ ಬರುವಷ್ಟು ದೊಡ್ಡದಲ್ಲ, ಇಲಿ ಕೊರೆದದ್ದಂತೂ ಅಲ್ಲ.
ಬೆಕ್ಕಿಗಿರಬೇಕು, ಅಂದ ಕಾವಲಿನ ಬಲೂಚಿ ಮಿರ್ದಾದ್.
ವರದಿಯ ನಮೂನೆಯಲ್ಲಿ "ಉದ್ದೇಶ" ಅಂತ ಒಂದು ಕಾಲಮ್ಮು.
ಮೂರು ದಿನ ಖಾಲಿ ಬಿಟ್ಟೆ.

ನಾಲ್ಕನೆಯ ದಿನ ಸೆಕೆ ತಡೆಯದೆ
ಆ ಗೋಡೆಗೇ ಆನಿಸಿದ್ದ ಮಿರ್ದಾದನ ಮಂಚದಲ್ಲಿ ಅಡ್ಡಾದೆ.
ಮಗ್ಗುಲಾದೆ.
ಕಂಡಿ ಸರಿಯಾಗಿ ನನ್ನ ಕಿವಿಗೆ ಬಂತು.

ಯಾರೋ ಏಳಲಾಗದವರು. ಎಷ್ಟು ಭಾನುವಾರ, ಯಾವ ಭಾಷೆ,
ಪಾದ್ರಿಯ ಹೆಂಡತಿಯೋ ಮಗುವೋ, ಕಾಗದದಲ್ಲಿಲ್ಲ.
ಕಾಲಮ್ಮಿನಲ್ಲಿ "ಮಂಚದ ಎತ್ತರ" ಎಂದಷ್ಟೇ ಬರೆದೆ.

ಆಚೆಯಿಂದ, ಎರಡಡಿ ಹವಳ ದಾಟಿ,
ನನ್ನೊಬ್ಬನಿಗೇ ಹೇಳಿದ ಹಾಗೆ, ಮೊಫಿಜುಲನ ದನಿ:
ಇಪ್ಪತ್ತೆರಡಕ್ಕೆ ಅರ್ಧ ಅಂಗುಲ ಕಮ್ಮಿ, ಸಾಬ್.
ಕೇಳಿಸಿತಾ?