ಬೋರಾ ಬಜಾರಿನಲ್ಲಿ ಒಂದು ದೂರು

ನಲವತ್ತೈದು ಮೆಗಾಪಿಕ್ಸೆಲ್, ಹನ್ನೊಂದು ಕಂತು ಇನ್ನೂ ಬಾಕಿ,
ಆದರೂ ಘಾಟ್ಕೋಪರಿನ ಮದುಮಗಳ ರೆಪ್ಪೆ
ಅಂಬಲಿಯಲ್ಲಿ ಅದ್ದಿದ ಹಾಗೆ ಮಬ್ಬು.
ನೋಡಿ ಕೇರ್ಸಿ ಕಾಕಾ, ಕಂಪನಿಯವರು ಮೋಸ ಮಾಡಿದ್ದಾರೆ, ಅಂದೆ.

ಅವರು ಪಿಕ್ಸೆಲ್ ಎಣಿಸಲಿಲ್ಲ.
ಲೆನ್ಸು ಕಳಚಿ ಕಿಟಕಿಗೆ ಹಿಡಿದರು,
ಜೋಳದಲ್ಲಿ ಹುಳ ಹುಡುಕುವವರ ಹಾಗೆ.
ಗಾಜಿನೊಳಗೆ ಬೂಷ್ಟು.
ಬಿಳಿ ಬೇರು ಬಿಟ್ಟು ಕೂತಿದ್ದವು
ಮುಂಬಯಿಯ ಮೂರು ಮಳೆಗಾಲ.

"ಎಲ್ಲಿಟ್ಟಿದ್ದೆ?"
ಬೀರುವಿನಲ್ಲಿ, ಸೀರೆಗಳ ನಡುವೆ.
"ಹೊಡೆದದ್ದು ಎಷ್ಟು ಹೊತ್ತಿಗೆ?"
ರಾತ್ರಿ, ಮಂಟಪದ ಹಸಿರು ದೀಪದಡಿ.
"ಉಸಿರು ಬಿಗಿ ಹಿಡಿದಿದ್ದೆಯಾ?"
ಮದುವೆ ಮನೆಯಲ್ಲಿ ಉಸಿರೇ, ಕಾಕಾ?
ನನಗೆ ಊಟವೇ ಇರಲಿಲ್ಲ.

ನಕ್ಕರು. ಹತ್ತಿ, ಸ್ಪಿರಿಟ್ಟು,
ನಡುವಿನಿಂದ ಅಂಚಿಗೆ ಸುತ್ತು, ಮತ್ತೊಂದು ಸುತ್ತು.
ಗುಜರಾತಿ ಬೆರೆತ ಹಿಂದಿಯಲ್ಲಿ ಏನೋ ಅಂದರು,
ನನಗದು ಕನ್ನಡದಲ್ಲೇ ಕೇಳಿಸಿತು:
ಸೋಸುವ ಬಟ್ಟೆ ಕೊಳಕಾದರೆ
ಹಂಡೆ ಎಷ್ಟು ದೊಡ್ಡದಿದ್ದರೇನು.

"ಟ್ಯೂಬ್‌ಲೈಟಿನಡಿ ಬೇಡ, ಬಾಗಿಲಿಗೆ ಬಾ."
ನಾಲ್ಕೂವರೆಯ ಬಿಸಿಲು ಎದುರು ಗೋಡೆಗೆ ಬಡಿದು
ಮೆತ್ತಗಾಗಿ ಮರಳುವ ಜಾಗ ಅದು.
ಗಾಜು ಸೀಳಿದ ಹಳೇ ಮೊಬೈಲನ್ನು
ಚೌಕಟ್ಟಿಗೆ ಆನಿಸಿದರು.
ಒಂದು ಕೈಗಾಡಿ ಹಾದುಹೋಗುವ ತನಕ ಕಾದರು.
ಹೊಡೆದದ್ದು ಒಂದೇ ಒಂದು.

ನೋಡಿದೆ.
ರೆಪ್ಪೆಯ ಕೂದಲು ಒಂದೊಂದೂ ಬೇರೆ ಬೇರೆ.
ಸೊಟ್ಟ ಹಲ್ಲು. ನಿದ್ದೆಗೆಟ್ಟ ಕಣ್ಣಡಿಯ ಕಪ್ಪು.
ಹನ್ನೊಂದು ಕಂತೂ ಇದ್ದವೇನೋ
ಹುಬ್ಬುಗಳ ನಡುವಿನ ಗೆರೆಯಲ್ಲಿ.

ಇದನ್ನು ಅಳಿಸಿಬಿಡಿ, ಅಂದೆ.

ನಾನೂರು ರೂಪಾಯಿ, ಅಂದರು,
ಲೆನ್ಸಿಗೆ ಮಾತ್ರ.